ನಮ್ಮವರು ಕೇಂದ್ರಬಿಂದುವಾದದ್ದು

ಜ್ವರಕ್ಕೆ ಮಾತ್ರೆಯಿದೆ, ಹಲ್ಲುನೋವಿಗೆ ಇಕ್ಕಳವಿದೆ. ಆದರೆ ನೀನು ಬಹಳ ಮುಖ್ಯವಾದ ಮನುಷ್ಯ ಎಂದು ಒಬ್ಬ ಗಂಡಸಿಗೆ ಯಾರಾದರೂ ಕಾಗದದ ಮೇಲೆ ತೋರಿಸಿಕೊಟ್ಟರೆ, ಅದಕ್ಕೆ ಯಾವ ಅಂಗಡಿಯಲ್ಲೂ ಔಷಧಿ ಸಿಗುವುದಿಲ್ಲ. ನಮ್ಮ ಯಜಮಾನರಿಗೆ ಈ ಕಾಯಿಲೆ ತಗುಲಿದ್ದು ಆಫೀಸಿನಲ್ಲಿ, ನರಳಿದ್ದು ಮಾತ್ರ ಇಡೀ ಕಟ್ಟಡ.

ನಮ್ಮವರು ಒಂದು ಪಾರ್ಸೆಲ್ ಕಂಪನಿಯ ರವಾನೆ ವಿಭಾಗದಲ್ಲಿ ಮೇಲ್ವಿಚಾರಕರು. ಅಲ್ಲಿಗೆ ತರಬೇತಿ ಕೊಡಲು ಯಾರೋ ಮೇಡಂ ಬಂದಿದ್ದರಂತೆ. ಎಲ್ಲರನ್ನೂ ಕೂರಿಸಿ, "ಕೆಲಸ ನಿಂತುಹೋದರೆ ನೀವು ಯಾರ ಹತ್ತಿರ ಹೋಗ್ತೀರಿ?" ಎಂದು ಕೇಳಿದರಂತೆ. ಆಮೇಲೆ ಗೋಡೆಯಗಲದ ಕಾಗದದ ಮೇಲೆ ಒಬ್ಬೊಬ್ಬರಿಗೂ ಒಂದು ಚುಕ್ಕಿ ಇಟ್ಟು, ಯಾರು ಯಾರ ಹತ್ತಿರ ಹೋಗುತ್ತಾರೋ ಆ ಕಡೆಗೆ ಬಾಣದ ಗೆರೆ ಎಳೆದರಂತೆ. ಹೆಚ್ಚು ಬಾಣ ಬಂದ ಚುಕ್ಕಿಗೆ ಕೇಂದ್ರಬಿಂದು ಎಂದು ಹೆಸರು. ಎರಡು ಗುಂಪುಗಳ ನಡುವೆ ನಿಂತು ಮಾತು ದಾಟಿಸುವ ಚುಕ್ಕಿಗೆ ಸೇತುವೆ. ಯಾವ ಗೆರೆಯೂ ಇಲ್ಲದ್ದು ಒಂಟಿ ಚುಕ್ಕಿ.

"ಎಲ್ಲಾ ಬಾಣಾನೂ ನನ್ನ ಕಡೆಗೇ ಕಣೇ," ಎಂದರು ನಮ್ಮವರು, ಬೂಟು ಬಿಚ್ಚದೆ ನಡುಮನೆಯಲ್ಲಿ ನಿಂತು. "ಮ್ಯಾನೇಜರ್‌ಗೆ ಎಷ್ಟು ಗೊತ್ತಾ? ಎರಡು. ಅದರಲ್ಲೂ ಒಂದು ಅವರ ಡ್ರೈವರ್‌ದು."

"ಎಲ್ಲರೂ ನಿಮ್ಮ ಹತ್ರಾನೇ ಯಾಕೆ ಬರ್ತಾರೆ?"

"ಯಾಕೆ ಅಂದ್ರೆ? ಕೇಂದ್ರಬಿಂದು ಅಂದ್ಮೇಲೆ ಬರಲೇಬೇಕು."

ಯಾಕೆಂದು ನನಗೆ ಎರಡು ದಿನದ ಮೇಲೆ ತಿಳಿಯಿತು. ಅವರ ವಿಭಾಗದ ಹುಡುಗಿಯೊಬ್ಬಳು ತರಕಾರಿ ಅಂಗಡಿಯಲ್ಲಿ ಸಿಕ್ಕಿ ಹೇಳಿದಳು. ಆಫೀಸಿನಲ್ಲಿ ಪಾರ್ಸೆಲ್ಲಿಗೆ ಟೇಪು ಕತ್ತರಿಸುವ ಯಂತ್ರ ಉಳಿದಿರುವುದು ಒಂದೇ. ಕಳೆದುಹೋದೀತೆಂದು ನಮ್ಮವರು ಅದನ್ನು ಸರಪಳಿ ಹಾಕಿ ತಮ್ಮ ಮೇಜಿನ ಕಾಲಿಗೆ ಕಟ್ಟಿಕೊಂಡಿದ್ದಾರೆ. ಕೆಲಸ ನಿಂತರೆ ಎಲ್ಲರೂ ಅಲ್ಲಿಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು? ನಾನು ಮನೆಗೆ ಬಂದು ಈ ವಿಷಯ ಎತ್ತಲಿಲ್ಲ. ಸಂಸಾರದಲ್ಲಿ ಸತ್ಯವನ್ನು ಉಪ್ಪಿನ ಹಾಗೆ ಬಳಸಬೇಕು. ಹೆಚ್ಚಾದರೆ ಅಡುಗೆಯೇ ದಂಡ.

ನಮ್ಮವರೋ, ಊಟಕ್ಕೆ ಕೂತಾಗಲೂ ಅದೇ. "ಅಮ್ಮ, ನಮ್ಮ ಮನೇಲಿ ಕೇಂದ್ರಬಿಂದು ಯಾರು ಹೇಳು?" ಎಂದು ತಾಯಿಯನ್ನು ಕೇಳಿದರು.

ನಮ್ಮ ಅತ್ತೆ ತಟ್ಟೆಯಿಂದ ತಲೆಯೆತ್ತಲಿಲ್ಲ. "ಒಲೆ," ಎಂದರು.

ಅಷ್ಟಕ್ಕೇ ನಿಂತಿದ್ದರೆ ನಾನು ಈ ಕಥೆ ಹೇಳಬೇಕಾಗಿರಲಿಲ್ಲ. ಆದರೆ ಆ ವಾರವೇ ನಮ್ಮವರಿಗೆ, ಆಫೀಸಿನಲ್ಲಿ ಮಾಡಿದ್ದನ್ನು ನಾವಿರುವ ಕಟ್ಟಡದಲ್ಲೂ ಮಾಡಬೇಕೆಂದು ಹೊಳೆಯಿತು. ಹೊಳೆಯಲು ಬೇರೆ ವಾರ ಸಿಗಲಿಲ್ಲ.

ಯಾಕೆ ಬೇರೆ ವಾರ ಎನ್ನುತ್ತೇನೆಂದರೆ, ನಮ್ಮ ಕಟ್ಟಡದ ಸ್ಥಿತಿ ಹೀಗಿತ್ತು. ನಡುವೆ ಒಂದು ಮೆಟ್ಟಿಲು, ಪಕ್ಕದಲ್ಲೊಂದು ಲಿಫ್ಟು. ಬೀದಿಗೆ ಮುಖ ಮಾಡಿದ ಮನೆಗಳು ಮುಂದಿನ ಸಾಲು, ಹಿತ್ತಲಿಗೆ ಮುಖ ಮಾಡಿದವು ಹಿಂದಿನ ಸಾಲು. ಚಳಿಗಾಲದಲ್ಲಿ ಕೆಟ್ಟ ಲಿಫ್ಟು ಮತ್ತೆ ಏಳಲೇ ಇಲ್ಲ. ಅದರ ಮುಚ್ಚಿದ ಬಾಗಿಲು ಈಗ ನೋಟೀಸು ಅಂಟಿಸುವ ಹಲಗೆ. ಹೊಸ ಲಿಫ್ಟು ಹಾಕುತ್ತೇವೆ, ಆದರೆ ಪ್ರತಿ ಮನೆಯವರೂ ಒಂದೇ ಕಾಗದದ ಮೇಲೆ ಒಪ್ಪಿ ಸಹಿ ಹಾಕಬೇಕು ಎಂದು ಲಿಫ್ಟು ಕಂಪನಿಯವರು ಹೇಳಿ ಹೋಗಿದ್ದರು.

ಲಿಫ್ಟಿಲ್ಲದೆ ಎಲ್ಲರಿಗೂ ಕಷ್ಟವೇ. ಆದರೆ ಮೇಲಿನ ಅಂತಸ್ತಿನ ಟೀಚರಮ್ಮನಿಗೆ ಅದು ಸೆರೆಮನೆ. ಕಟ್ಟಡದ ಅರ್ಧ ಮಕ್ಕಳಿಗೆ ಮಗ್ಗಿ ಕಲಿಸಿದ ಹೆಂಗಸು, ಈಗ ಮಂಡಿ ಮಡಚಲಾಗದೆ ಮನೆಯೊಳಗೇ ಕೂತಿದ್ದರು. ಬೀದಿಯಾಚೆಯ ಮನೆಯಲ್ಲಿ ಅವರ ಒಡಹುಟ್ಟಿದ ಅಕ್ಕ. ಆಕೆಯ ಮಂಡಿಯೂ ಅದೇ ತಾಯಿ ಕೊಟ್ಟದ್ದು. ಸಂಜೆಯಾದರೆ ಇವರು ಬಾಲ್ಕನಿಗೆ ಬಂದು ಕೈಯೆತ್ತುತ್ತಿದ್ದರು, ಅವರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೈಯೆತ್ತುತ್ತಿದ್ದರು. "ಫೋನಲ್ಲಿ ಮಾತಾಡಬಹುದಮ್ಮ," ಎಂದು ಟೀಚರಮ್ಮ ಒಮ್ಮೆ ನನಗೆ ಹೇಳಿದ್ದರು. "ಫೋನಲ್ಲಿ ಅಕ್ಕನ ತಲೆ ಬಾಚೋಕಾಗುತ್ತಾ?"

ಅವರಿಗೆ ಬೇಕಾದದ್ದೆಲ್ಲ ಹೋಗುತ್ತಿದ್ದುದು ಬುಟ್ಟಿಯಲ್ಲಿ. ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಯುವುದು. ಯಾರೋ ಹಾಲು ಇಡುವರು, ಯಾರೋ ಪತ್ರಿಕೆ, ಯಾರೋ ಮಾತ್ರೆ. ಬುಟ್ಟಿ ಮೇಲೇರುವುದು.

ಸರಿ, ಸಹಿ ಹಾಕಲು ಏನು ತೊಂದರೆ? ತೊಂದರೆ ಮುಂದಿನ ಸಾಲಿಗೂ ಹಿಂದಿನ ಸಾಲಿಗೂ ಮಾತಿಲ್ಲದ್ದು. ಮುಂದಿನ ಸಾಲಿನ ಕೆಳಮನೆಯಲ್ಲಿ ಟೈಲರ್ ಅಕ್ಕ. ಅವರ ಗಿರಾಕಿಗಳು ಅಳತೆ ಕೊಡಲು ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದರು. ಹಿಂದಿನ ಸಾಲಿನಲ್ಲಿ ಸರ್ಕಾರಿ ಕೆಲಸದಿಂದ ನಿವೃತ್ತರಾದ ರೂಲ್ಸ್ ಮಾವ. ಅವರು 'ಮೆಟ್ಟಿಲ ಮೇಲೆ ಕೂರುವುದು ನಿಷೇಧ' ಎಂದು ದೊಡ್ಡದಾಗಿ ಬರೆದು ಅಂಟಿಸಿದರು. ಅಕ್ಕ ಅದನ್ನು ಕಿತ್ತು, ಹೊಲಿಗೆಗೆ ತೋಳಿನ ಅಳತೆಯ ಕಾಗದವಾಗಿ ಕತ್ತರಿಸಿಕೊಂಡರು. ಅಂದಿನಿಂದ ಅವರ ಹಿಂದೆ ಅವರ ಸಾಲು, ಇವರ ಹಿಂದೆ ಇವರ ಸಾಲು. ಲಿಫ್ಟು ಬೇಡವೆಂದು ಇಬ್ಬರೂ ಹೇಳಿದ್ದಿಲ್ಲ. ಅಕ್ಕನ ಸಹಿಯ ಕೆಳಗೆ ತಾನು ಹಾಕುವುದಿಲ್ಲ ಎಂದು ಮಾವ, ಮಾವನ ಸಹಿಯ ಕೆಳಗೆ ತಾನು ಹಾಕುವುದಿಲ್ಲ ಎಂದು ಅಕ್ಕ. ಕಾಗದಕ್ಕೆ ಮೇಲ್ತುದಿ ಇರುವುದು ಒಂದೇ.

ನಾನು ಚಳಿಗಾಲದಿಂದ ಈ ಇಬ್ಬರ ನಡುವೆ ಓಡಾಡಿದೆ. ಇಲ್ಲಿ ಹೋಗಿ, "ಮಾವ ಹೇಳ್ತಿದ್ರು, ನೀವು ಹೊಲಿದ ಗುಂಡಿ, ಬಟ್ಟೆ ಹರಿದ್ರೂ ಬೀಳಲ್ಲ ಅಂತ," ಎನ್ನುವುದು. ಅಲ್ಲಿ ಹೋಗಿ, "ಅಕ್ಕ ಹೇಳ್ತಿದ್ರು, ಈ ಕಟ್ಟಡದಲ್ಲಿ ಕಾಗದಪತ್ರ ತಿಳಿದೋರು ನೀವೊಬ್ರೇ ಅಂತ," ಎನ್ನುವುದು. ಇಬ್ಬರೂ ಹೇಳಿರಲಿಲ್ಲ ನಿಜ. ಆದರೆ ಮನಸ್ಸು ಚೆನ್ನಾಗಿದ್ದಿದ್ದರೆ ಹೇಳುತ್ತಿದ್ದರು. ನಾನು ಸ್ವಲ್ಪ ಮುಂಚಿತವಾಗಿ ತಲುಪಿಸಿದೆ, ಅಷ್ಟೆ. ಒಬ್ಬರ ಮನೆಗೆ ಹೋದದ್ದು ಇನ್ನೊಬ್ಬರಿಗೆ ಕಾಣದಂತೆ, ಕೈಯಲ್ಲೊಂದು ಕಸದ ಬಕೆಟ್ಟು ಹಿಡಿದೇ ಓಡಾಡುತ್ತಿದ್ದೆ. ಇಬ್ಬರೂ ಮೆತ್ತಗಾದರು. ಭಾನುವಾರ ಸಭೆ ಸೇರಿ ಸಹಿ ಹಾಕುವುದೆಂದು ತೀರ್ಮಾನವಾಯಿತು. ನನ್ನ ಅಕ್ಕನ ಮನೆಗೆ ಗುರುವಾರ ಹೋಗಿ ಶನಿವಾರ ಬರುತ್ತೇನೆಂದು ಹೊರಟೆ. ಬುದ್ಧಿಯಿದ್ದವಳು ಭಾನುವಾರದ ತನಕ ಕಟ್ಟಡ ಬಿಡುತ್ತಿರಲಿಲ್ಲ.

ನಾನು ಬೆನ್ನು ತಿರುಗಿಸಿದ್ದೇ ತಡ, ನಮ್ಮವರು ಪೆನ್ಸಿಲ್ ಹಿಡಿದು ಮನೆಮನೆಗೆ ಹೊರಟರು. ಅಲ್ಲಿ ನಡೆದದ್ದನ್ನು ಆಮೇಲೆ ಒಬ್ಬೊಬ್ಬರೂ ನನಗೆ ಅಭಿನಯಿಸಿ ತೋರಿಸಿದ್ದಾರೆ.

ಮೊದಲು ಟೈಲರ್ ಅಕ್ಕ. "ಮನೇಲಿ ಏನಾದ್ರೂ ತೊಂದರೆ ಆದ್ರೆ ಯಾರ ಬಾಗಿಲು ತಟ್ಟುತ್ತೀರಿ?"

ಅಕ್ಕ ಬಾಯಲ್ಲಿದ್ದ ಗುಂಡುಪಿನ್ನು ತೆಗೆದು, "ನಿಮ್ಮ ಮನೇದು. ಆಮೇಲೆ ಔಷಧಿ ಅಂಗಡಿಯವರ ಮನೇದು," ಎಂದರು.

ನಮ್ಮವರು ಬರೆದುಕೊಂಡರು. ಒಂದು ಮನೆಗೆ ಒಂದು ಚುಕ್ಕಿ, ಚುಕ್ಕಿಗೆ ಮನೆ ಯಜಮಾನನ ಗುರುತು, ಇದು ಅವರೇ ಮಾಡಿಕೊಂಡ ಕಟ್ಟಳೆ. ಹಾಗಾಗಿ ನಮ್ಮ ಮನೆ ಎಂದವರ ಬಾಣವೆಲ್ಲ ಸೀದಾ ಅವರ ಎದೆಗೇ ಬಂದು ನಾಟುತ್ತಿತ್ತು.

ಔಷಧಿ ಅಂಗಡಿಯವರ ಹೆಂಡತಿ ಬಾಗಿಲು ಅರ್ಧ ತೆರೆದು, "ಯಾಕೆ, ಯಾರಿಗೆ ಏನಾಯ್ತು?" ಎಂದು ಗಾಬರಿಯಾದರು. ಏನೂ ಆಗಿಲ್ಲವೆಂದು ತಿಳಿದ ಮೇಲೆ, ನಿಮ್ಮ ಮನೆ ಬಿಟ್ಟರೆ ಇನ್ಯಾರೂ ಇಲ್ಲ ಎಂದರು. ಟೈಲರ್ ಅಕ್ಕನ ಹೆಸರು ಬಾಯಿಗೆ ಬರಲಿಲ್ಲ.

ರೂಲ್ಸ್ ಮಾವ ಕನ್ನಡಕ ಹಾಕಿಕೊಂಡೇ ಬಾಗಿಲು ತೆರೆದರು. "ಈ ಪ್ರಶ್ನೆ ಕೇಳೋ ಅಧಿಕಾರ ನಿನಗೆ ಯಾರು ಕೊಟ್ರು?"

"ಮಾವ, ಇದು ವಿಜ್ಞಾನ."

"ವಿಜ್ಞಾನ ಆದ್ರೆ ಅರ್ಜಿ ಕೊಡೋದು ಬೇಡ್ವಾ?" ಎಂದು ಅರ್ಧ ಗಂಟೆ ವಾದಿಸಿ, ಕೊನೆಗೆ, "ನನಗೆ ತೊಂದರೆ ಅನ್ನೋದೇ ಇಲ್ಲ. ಆದ್ರೂ ನಿಮ್ಮ ಮನೆ ಅಂತ ಹಾಕ್ಕೋ," ಎಂದರಂತೆ.

ಮೇಲಿನ ಅಂತಸ್ತಿನ ಟೀಚರಮ್ಮನನ್ನು ನಮ್ಮವರು ಕೇಳಲೇ ಇಲ್ಲ. ಅಷ್ಟು ಮೆಟ್ಟಿಲು ಹತ್ತಬೇಕಲ್ಲ. ಯೋಚನೆ ಮಾಡಿಯೇ ಉತ್ತರ ಕಂಡುಕೊಂಡರು. ಅವರು ಕೆಳಗೆ ಬರುವುದಿಲ್ಲ, ಮೇಲೆ ಯಾರೂ ಹೋಗುವುದಿಲ್ಲ, ಆದ್ದರಿಂದ ಗೆರೆಯಿಲ್ಲ. ದಿನಾ ಕಣ್ಣೆದುರಿಗೆ ಇಳಿದು ಏರುವ ಬುಟ್ಟಿಯನ್ನು ಅವರು ಬಟ್ಟೆ ಒಣಗಿಸುವ ಯಾವುದೋ ಏರ್ಪಾಡು ಎಂದುಕೊಂಡಿದ್ದರಂತೆ.

ಶನಿವಾರ ಮಧ್ಯಾಹ್ನ ನಾನು ಚೀಲ ಹಿಡಿದು ಬಂದರೆ, ಲಿಫ್ಟಿನ ಬಾಗಿಲ ಮುಂದೆ ಇಡೀ ಕಟ್ಟಡ ನಿಂತಿದೆ. ಬಾಗಿಲ ತುಂಬ ಒಂದು ಬಿಳಿ ಹಾಳೆ. ಹಾಳೆಯ ನಡುವೆ ತಟ್ಟೆಯಗಲದ ಕೆಂಪು ಚುಕ್ಕಿ. ಅದರ ಕೆಳಗೆ ನಮ್ಮವರ ದುಂಡನೆಯ ಅಕ್ಷರ: 'ನಾನು. ಕೇಂದ್ರಬಿಂದು ಹಾಗೂ ಸೇತುವೆ.' ಪಕ್ಕದಲ್ಲಿ ನಮ್ಮವರು ಕೈಕಟ್ಟಿ, ಮದುವಣಿಗನ ಹಾಗೆ ನಿಂತಿದ್ದರು.

ಟೈಲರ್ ಅಕ್ಕ ಒಂದು ಬಾಣದ ಮೇಲೆ ಬೆರಳಿಟ್ಟಿದ್ದರು. "ನಾನು ನಿಮ್ಮ ಹೆಸರು ಹೇಳಿದೀನಿ. ಇಲ್ನೋಡಿ, ಬಾಣ ಹೋಗಿದೆ. ನಿಮ್ಮ ಕಡೆಯಿಂದ ಎಲ್ಲಿ ವಾಪಸ್ ಬಂತು?"

"ನಂಗೆ ಆ ಹೊತ್ತಿಗೆ ಒಲೆ ಮೇಲೆ ಹಾಲಿತ್ತಕ್ಕ," ಎಂದರು ಔಷಧಿ ಅಂಗಡಿಯವರ ಹೆಂಡತಿ.

"ಹಾಲಿಗೆ ನನ್ನ ಹೆಸರು ಉಕ್ಕಿಹೋಯ್ತಾ? ನಿಮ್ಮ ಮಗಳ ಅಷ್ಟೂ ಫ್ರಾಕು ಯಾರು ಹೊಲಿದಿದ್ದು?"

ಇನ್ನೊಂದು ಕಡೆ ರೂಲ್ಸ್ ಮಾವ ತಮ್ಮ ಚುಕ್ಕಿಯನ್ನು ಕನ್ನಡಕದಿಂದಲೂ, ಕನ್ನಡಕ ತೆಗೆದೂ ಪರಿಶೀಲಿಸುತ್ತಿದ್ದರು. "ನನ್ನಿಂದ ಬಾಣ ಹೋಗಿದೆ. ನನ್ನ ಕಡೆಗೆ ಒಂದೂ ಬಂದಿಲ್ಲ. ಇದು ಕೈತಪ್ಪೋ, ಪಿತೂರಿಯೋ?"

"ಯಾರೂ ಹೇಳ್ಲಿಲ್ಲ ಮಾವ," ಎಂದರು ನಮ್ಮವರು ಬಹಳ ಸಮಾಧಾನದಿಂದ. "ಬೇಜಾರು ಮಾಡ್ಕೋಬೇಡಿ. ಮ್ಯಾನೇಜರ್‌ಗೂ ಎರಡೇ ಇದ್ದಿದ್ದು."

ಹಿಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾವನ ಹಿಂದೆ ನಿಂತವರಲ್ಲಿ ಒಬ್ಬರೂ ಕಷ್ಟ ಬಂದರೆ ಮಾವನ ಬಾಗಿಲು ತಟ್ಟುವವರಲ್ಲ ಎಂದು ಈಗ ಲಿಫ್ಟಿನ ಬಾಗಿಲ ಮೇಲೆ ಬಣ್ಣದಲ್ಲಿ ಬರೆದಾಗಿತ್ತು. ಸಭೆಗೆ ಇನ್ನೊಂದೇ ದಿನ. ನಾನು ಚೀಲ ಕೆಳಗಿಟ್ಟು, ಹೇಗಾದರೂ ಹಾಳೆ ಕೀಳೋಣವೆಂದು ಕೈಹಾಕುವಷ್ಟರಲ್ಲಿ ಟೈಲರ್ ಅಕ್ಕ ತಿರುಗಿದರು.

"ಇರಮ್ಮ. ಮುಂದಿನ ಸಾಲಿನ ಬಾಣ ಎಲ್ಲಾ ನಿಮ್ಮ ಮನೆಗೆ. ಹಿಂದಿನ ಸಾಲಿಂದೂ ನಿಮ್ಮ ಮನೆಗೆ. ನಾವು ಯಾರೂ ನಿನ್ನ ಗಂಡನನ್ನ ನೋಡೋಕೆ ಬಂದೋರಲ್ಲ. ಹಾಗಾದ್ರೆ ನೀನು ಆ ಕಡೆಗೂ ಹೋಗ್ತಿದ್ದೆ."

"ಕಸ ಹಾಕೋಕೆ ಹೋಗುವಾಗ..."

"ಅವರು ನನ್ನ ಗುಂಡಿ ಹೊಗಳಿದ್ದು ನಿಜಾನಾ?"

"ಯಾವ ಗುಂಡಿ?" ಎಂದರು ಮಾವ.

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಎಲ್ಲ ಅರ್ಥ ಮಾಡಿಕೊಂಡರು. ಮಾವನೂ ಮೆಲ್ಲಗೆ, "ಕಾಗದಪತ್ರದ ವಿಷಯ...?" ಎಂದು ಅಕ್ಕನ ಕಡೆ ನೋಡಿ, ಅಕ್ಕನ ಮುಖದಲ್ಲಿ ಉತ್ತರ ಓದಿಕೊಂಡರು. ನಾಳೆ ಸಭೆಗೆ ಬರುವುದಿಲ್ಲ ಎಂದು ಅಕ್ಕ. ಕರೆದರೂ ಬರುವುದಿಲ್ಲ ಎಂದು ಮಾವ. ಸೇತುವೆ ಎಂದು ಬೋರ್ಡು ಹಾಕಿದರೆ ಏನಾಗುತ್ತದೆಂದು ನಾನು ಅಂದು ಕಲಿತೆ. ಜನ ಅದರ ಮೇಲೆ ನಡೆಯುವುದು ಬಿಟ್ಟು ಅದರ ಕೆಳಗೆ ಬಗ್ಗಿ ನೋಡುತ್ತಾರೆ.

"ರೀ," ಎಂದೆ. "ಏನು ಮಾಡಿದ್ದೀರಿ ಗೊತ್ತಾಗ್ತಿದೆಯಾ?"

"ನೋಡು, ಎಷ್ಟು ಜನ ಸೇರಿದಾರೆ," ಎಂದರು ನಮ್ಮವರು.

ಆಗ ಔಷಧಿ ಅಂಗಡಿಯವರ ಹೆಂಡತಿ ಹಾಳೆಯ ಮೂಲೆ ತೋರಿಸಿ, "ಇದೇನಿದು?" ಎಂದರು. ಅಲ್ಲಿ ಒಂದು ಸಣ್ಣ ಕಪ್ಪು ಚುಕ್ಕಿ. ಸುತ್ತ ಏನೂ ಇಲ್ಲ. ಕೆಳಗೆ, 'ಟೀಚರಮ್ಮ. ಒಂಟಿ ಚುಕ್ಕಿ.'

ಎಲ್ಲರೂ ಆ ಮೂಲೆಗೆ ಬಗ್ಗಿದರು.

"ಟೀಚರಮ್ಮ ಒಂಟಿ ಅಂತ ಯಾರು ಹೇಳಿದ್ದು?" ಎಂದರು ಅಕ್ಕ. "ದಿನಾ ಬ್ರೆಡ್ ಇಡೋಳು ನಾನು."

"ಪತ್ರಿಕೆ ನಂದು," ಎಂದರು ಮಾವ. "ನಾನು ಓದೋಕೆ ಮುಂಚೆ ಇಡ್ತೀನಿ. ಅದು ದಾಖಲಾಗಬೇಕು."

"ಮಾತ್ರೆ ಎಲ್ಲಾ ನಮ್ಮನೆಯಿಂದ..."

ಅದೇ ಹೊತ್ತಿಗೆ ಹೊರಬಾಗಿಲಲ್ಲಿ ಬುಟ್ಟಿ ಇಳಿದು ತೂಗಾಡಿತು. ಒಳಗೊಂದು ಚೀಟಿ: 'ಕೆಳಗೆ ಏನು ಗಲಾಟೆ? ಯಾರಾದರೂ ಬರೆದು ಹಾಕಿ.' ಏನು ಬರೆಯುವುದೆಂದು ನಾವು ಯೋಚಿಸುತ್ತಿರುವಾಗ, ಪೆನ್ಸಿಲ್ ಕೈಯಲ್ಲೇ ಇದ್ದ ಒಬ್ಬ ಮನುಷ್ಯ ಚೀಟಿ ತಿರುಗಿಸಿ ಏನೋ ಬರೆದು ಬುಟ್ಟಿಗೆ ಹಾಕಿ ಹಗ್ಗ ಜಗ್ಗಿಯೇಬಿಟ್ಟರು.

"ಏನು ಬರೆದ್ರಿ?" ಎಂದೆ. ಬುಟ್ಟಿ ಆಗಲೇ ಮೊದಲ ಅಂತಸ್ತು ದಾಟಿತ್ತು.

"ಇರೋದನ್ನೇ. 'ನಕ್ಷೆಯಲ್ಲಿ ನಿಮಗೆ ಯಾರೂ ಇಲ್ಲ. ಬೇಸರ ಬೇಡ' ಅಂತ."

ಗಂಡನನ್ನು ಬೈಯುವುದಕ್ಕೂ ಉಸಿರು ಬೇಕು. ನಾನು ಆ ಉಸಿರನ್ನು ಮೆಟ್ಟಿಲಿಗೆ ಉಳಿಸಿಕೊಂಡು ಓಡಿದೆ. ನನ್ನ ಹಿಂದೆ ಅಕ್ಕ, ಅಕ್ಕನ ಹಿಂದೆ ಮಾವ, ಮಾವನ ಹಿಂದೆ ಎರಡೂ ಸಾಲು. ಚೀಟಿಗಿಂತ ಮೊದಲು ತಲುಪುವ ಆಸೆ ಎಲ್ಲರಿಗೂ. ಬುಟ್ಟಿಗೆ ಮಂಡಿಯಿಲ್ಲ, ಅದು ಗೆದ್ದಿತು.

ಬುಟ್ಟಿ ಇದ್ದದ್ದರಿಂದ ಇವರಲ್ಲಿ ಹೆಚ್ಚಿನವರು ಲಿಫ್ಟು ಕೆಟ್ಟ ಮೇಲೆ ಮೇಲಿನ ಅಂತಸ್ತಿನ ಕಡೆ ಸುಳಿದೇ ಇರಲಿಲ್ಲ. ಎರಡನೆಯ ಅಂತಸ್ತಿನ ತನಕ ಮಾತು ಕೇಳಿಸುತ್ತಿತ್ತು. ಮೂರನೆಯದರಲ್ಲಿ ಬರೀ ಏದುಸಿರು. ಆಮೇಲೆ ಒಂದು ತಿರುವಿನಲ್ಲಿ ರೂಲ್ಸ್ ಮಾವ ಗೋಡೆ ಹಿಡಿದುಕೊಂಡು, ಕಣ್ಣು ಮುಚ್ಚಿ, ಮೆಟ್ಟಿಲ ಮೇಲೆ ಕುಸಿದು ಕೂತರು.

ಟೈಲರ್ ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಅವರನ್ನೇ ನೋಡಿದರು. "ಮಾವ. ಮೆಟ್ಟಿಲ ಮೇಲೆ ಕೂರೋದು ನಿಷೇಧ."

ಮಾವನಿಗೆ ಉಸಿರು ಸಿಗಲು ಸ್ವಲ್ಪ ಹೊತ್ತು ಬೇಕಾಯಿತು. "ಆ ನೋಟೀಸು... ಎಲ್ಲಿದೆ?"

"ನಾನು ಕತ್ತರಿಸಿಬಿಟ್ಟೆನಲ್ಲ."

"ಹಾಗಾದ್ರೆ ಅದು ಜಾರಿಯಲ್ಲಿಲ್ಲ," ಎಂದು ಮಾವ ಕಾಲು ನೀಡಿ ಇನ್ನಷ್ಟು ಆರಾಮಾಗಿ ಕೂತರು. ಸರಿದು ಜಾಗವನ್ನೂ ಬಿಟ್ಟರು. ಅಕ್ಕ ಒಂದು ಕ್ಷಣ ನಿಂತು ಯೋಚಿಸಿದರು. ಆಮೇಲೆ ಅವರ ಮಂಡಿಯೇ ತೀರ್ಮಾನ ಮಾಡಿತು. ಕೂತರು.

"ಇದನ್ನ ಆ ಹೆಂಗಸು ಹೇಗಮ್ಮ ಇಳೀಬೇಕು?" ಎಂದು ಮಾವ ಯಾರನ್ನೂ ನೋಡದೆ ಕೇಳಿದರು. ನಾನು ಚಳಿಗಾಲದಿಂದ ಎರಡೂ ಮನೆಯಲ್ಲಿ ಕೂತು ಹೇಳಿದ್ದು ಇದನ್ನೇ. ಕಿವಿಯಿಂದ ಹೋಗದ ಮಾತು ಕಾಲಿನಿಂದ ಹೋಯಿತು.

ಟೀಚರಮ್ಮ ಬಾಗಿಲು ತೆರೆದಾಗ ಚೀಟಿ ಕೈಯಲ್ಲೇ ಇತ್ತು. ಕೋಣೆಯೊಳಗೆ ಬಂದವರೆಲ್ಲ ಸಿಕ್ಕಸಿಕ್ಕಲ್ಲಿ ಕೂತರು.

"ಒಂಟಿ ಅಂತ ನನಗೆ ಗೊತ್ತೇ ಇರಲಿಲ್ಲ," ಎಂದರು ಟೀಚರಮ್ಮ. "ಓದಿದ ಮೇಲೆ ಸ್ವಲ್ಪ ಅನ್ನಿಸಿತು. ಬರೆದೋರು ಯಾರು?"

ಎಲ್ಲರ ಕೈಯೂ ಒಂದೇ ಕಡೆ ಹೋಯಿತು. ಬಾಗಿಲಲ್ಲಿ ನಮ್ಮವರು ಕೊನೆಯವರಾಗಿ ಬಂದು ನಿಂತಿದ್ದರು, ಸುತ್ತಿದ ಹಾಳೆ ಕಂಕುಳಲ್ಲಿಟ್ಟುಕೊಂಡು. ಅಷ್ಟು ಬಾಣಗಳು ಅವರ ಕಡೆಗೆ ನಿಜವಾಗಿ ಬಂದದ್ದು ಅದೇ ಮೊದಲು.

"ತಿದ್ದೋಣ ಅಂತಲೇ ತಂದೆ," ಎಂದರು ನಮ್ಮವರು, ಬೆವರು ಒರೆಸಿಕೊಳ್ಳುತ್ತ.

ಟೀಚರಮ್ಮ ಹಾಳೆಯನ್ನು ಊಟದ ಮೇಜಿನ ಮೇಲೆ ಹರಡಿಸಿದರು. ಹಳೆಯ ಅಭ್ಯಾಸ, ಕೆಂಪು ಪೆನ್ಸಿಲ್ ಎತ್ತಿಕೊಂಡರು. ಬಹಳ ಹೊತ್ತು ನೋಡಿ, "ಏನಪ್ಪ, ಇದರಲ್ಲಿ ನಿನ್ನ ಹೆಂಡತಿ ಎಲ್ಲಿ?" ಎಂದರು.

"ಅವಳು ಮನೆಯೋಳಲ್ವಾ ಟೀಚರ್? ನನ್ನ ಚುಕ್ಕಿ ಒಳಗೇ ಇದಾಳೆ."

"ಹೂಂ. ಅದಕ್ಕೇ ಚುಕ್ಕಿ ಅಷ್ಟು ದಪ್ಪ ಆಗಿದೆ," ಎಂದರು ಟೀಚರಮ್ಮ. ಟೈಲರ್ ಅಕ್ಕ ಮೊದಲು ನಕ್ಕರು. ನನ್ನ ಮೇಲಿನ ಸಿಟ್ಟು ಅಷ್ಟಕ್ಕೆ ಇಳಿದಿರಲಿಲ್ಲ, ಆದರೆ ನಗು ಬಂದ ಮೇಲೆ ಸಿಟ್ಟಿಗೆ ಕೂರಲು ಜಾಗ ಕಡಿಮೆ.

"ಟೀಚರ್," ಎಂದರು ಮಾವ ಗಂಟಲು ಸರಿಮಾಡಿಕೊಂಡು, "ಲಿಫ್ಟಿನ ಸಹಿ ನಾಳೆ ತನಕ ಕಾಯೋದು ಬೇಡ. ಆದ್ರೆ ಮೇಲೆ ಯಾರು, ಕೆಳಗೆ ಯಾರು ಅನ್ನೋದು ಮೊದಲು ಇತ್ಯರ್ಥ ಆಗಬೇಕು."

"ಆಗ್ಲಿ," ಎಂದರು ಅಕ್ಕ. "ನಾನಂತೂ ಕೆಳಗೆ ಹಾಕಲ್ಲ."

ಮೆಟ್ಟಿಲ ಮೇಲೆ ಒಟ್ಟಿಗೆ ಕೂತವರು ಕಾಗದದ ಮುಂದೆ ಮತ್ತೆ ಎದ್ದುನಿಂತರಲ್ಲ ಎಂದು ನಾನು ತಲೆ ಹಿಡಿದುಕೊಂಡೆ. ಟೀಚರಮ್ಮ ನಮ್ಮವರ ಹಾಳೆಯನ್ನು ಬೋರಲು ಹಾಕಿದರು. ಬೆನ್ನು ಖಾಲಿಯಿತ್ತು. ನಡುವೆ ಒಪ್ಪಿಗೆಯ ಎರಡು ಸಾಲು ಬರೆದರು. ಅಡುಗೆಮನೆಯಿಂದ ಪಾತ್ರೆಯ ಮುಚ್ಚಳ ತರಿಸಿ, ಅದರ ಸುತ್ತ ಒಂದು ಉರುಟು ಗೆರೆ ಎಳೆದರು.

"ಈ ಗೆರೆ ಮೇಲೆ ಹಾಕಿ," ಎಂದರು. "ಯಾರಿಗೆ ಯಾರು ಮೇಲೆ ಅಂತ ಕಾಗದವನ್ನ ತಿರುಗಿಸಿಕೊಂಡು ನೋಡಿ. ಅವರವರ ಕಡೆಯಿಂದ ಅವರವರೇ ಮೇಲೆ."

ಮಾವ ಮೇಜಿನ ಸುತ್ತ ಒಂದು ಪ್ರದಕ್ಷಿಣೆ ಬಂದು ಪರೀಕ್ಷಿಸಿದರು. ಇದನ್ನು ತಡೆಯುವ ನಿಯಮ ಯಾವುದೂ ತಮಗೆ ನೆನಪಾಗುತ್ತಿಲ್ಲ ಎಂದು ಒಪ್ಪಿಕೊಂಡು ಸಹಿ ಹಾಕಿದರು. ಸರಿಯಾಗಿ ಎದುರಿನ ತುದಿಯಲ್ಲಿ ಅಕ್ಕ ಹಾಕಿದರು. ಉಳಿದವರು ನಡುವೆ ತುಂಬಿಕೊಂಡರು. ನಮ್ಮ ಮನೆಯ ಸರದಿ ಬಂದಾಗ ನಮ್ಮವರು ಪೆನ್ನಿಗೆ ಕೈಚಾಚಿದರು. ಟೀಚರಮ್ಮ ಅದನ್ನು ನನ್ನ ಕೈಗೆ ಕೊಟ್ಟರು.

ಲಿಫ್ಟು ಕಂಪನಿಯ ಮನುಷ್ಯ ಆ ಕಾಗದವನ್ನು ತಿರುಗಿಸಿ ತಿರುಗಿಸಿ ಓದುವಷ್ಟರಲ್ಲಿ ಅವನ ಕುತ್ತಿಗೆ ಹಿಡಿದುಕೊಂಡಿತು. ಬೆನ್ನಿನ ಕಡೆಯ ಚಿತ್ರ ಏನೆಂದು ಕೇಳಿದ. ಅದು ಹಿಂದಿನ ಲಿಫ್ಟಿನ ವೈರಿಂಗ್ ಎಂದೆ. ಅದಕ್ಕೇ ಕೆಟ್ಟಿರಬೇಕು ಎಂದ.

ಹೊಸ ಲಿಫ್ಟು ಬಂದ ದಿನ ಟೀಚರಮ್ಮ ಮೊದಲು ಇಳಿದರು. ಕೈಯಲ್ಲಿ ಬಾಚಣಿಗೆ ಇತ್ತು. ಬೀದಿ ದಾಟುವಾಗ ಒಂದು ಕಡೆ ಟೈಲರ್ ಅಕ್ಕ ಹಿಡಿದುಕೊಂಡಿದ್ದರು. ಇನ್ನೊಂದು ಕಡೆ ರೂಲ್ಸ್ ಮಾವ ಕೈಯೆತ್ತಿ, ಬರುತ್ತಿದ್ದ ಗಾಡಿಗಳನ್ನೆಲ್ಲ ಯಾವ ಅಧಿಕಾರವೂ ಇಲ್ಲದೆ ನಿಲ್ಲಿಸಿದರು.

ಎರಡನೆಯದಾಗಿ ಹತ್ತಿದವರು ನಮ್ಮವರು. "ಇದಕ್ಕೆಲ್ಲಾ ಮೂಲ ನನ್ನ ನಕ್ಷೆ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಒಬ್ಬರೇ ಒಳಗೆ ಹೋಗಿ, ಎಲ್ಲ ಗುಂಡಿಗಳನ್ನೂ ಒಟ್ಟಿಗೆ ಒತ್ತಿರಬೇಕು. ಎರಡು ಅಂತಸ್ತಿನ ನಡುವೆ ಲಿಫ್ಟು ನಿಂತಿತು.

ಆಮೇಲೆ ಬಡಿತ ಶುರುವಾಯಿತು. ಮುಂದಿನ ಸಾಲಿನಿಂದಲೂ ಹಿಂದಿನ ಸಾಲಿನಿಂದಲೂ ಅಷ್ಟೊಂದು ಬಾಣ ಬಿದ್ದ ಮನುಷ್ಯ ಒಳಗಿಂದ ಯಾರನ್ನು ಕರೆದರೆಂದು ಕೇಳುತ್ತೀರಾ? ಔಷಧಿ ಅಂಗಡಿಯವರನ್ನು ಕರೆಯಲಿಲ್ಲ. ಮಾವನನ್ನು ಕರೆಯಲಿಲ್ಲ. ಮ್ಯಾನೇಜರನ್ನಂತೂ ಕರೆಯಲಿಲ್ಲ.

"ಏ ಇವಳೇ. ಎಲ್ಲಿದೀಯೇ?"

ಲಿಫ್ಟಿನ ಬೀಗದ ಕೈ ನನ್ನ ಹತ್ತಿರವೇ ಇತ್ತು, ಎರಡೂ ಸಾಲಿನವರು ಸೇರಿ ನನಗೇ ಕೊಟ್ಟದ್ದು. ನಾನು ಬಾಗಿಲ ಸಂದಿಗೆ ಬಾಯಿಟ್ಟು, "ನಿಮ್ಮ ಚುಕ್ಕಿ ಒಳಗೇ ಇದೀನಿ, ಚೆನ್ನಾಗಿ ಹುಡುಕಿ," ಎಂದೆ. ಹೇಳಿ, ಒಲೆಯ ಮೇಲಿದ್ದ ಹಾಲು ಇಳಿಸಿ ಬರಲು ಹೋದೆ.